ಓಎಸ್ ಅಪ್‌ಗ್ರೇಡ್ ಆದ ಮೇಲೆ: ಓಡದ ಪ್ರೋಗ್ರಾಂ, ಅನುಮತಿ ಕೇಳುವ ಬಾಕ್ಸ್

ನಿನ್ನೆ ಓಡುತ್ತಿದ್ದ ಪ್ರೋಗ್ರಾಂ, ಓಎಸ್ (ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂ) ಅಪ್‌ಗ್ರೇಡ್ ಆದ ಮೇಲೆ ಇವತ್ತು ಓಡುತ್ತಿಲ್ಲ. ಹೊರಗಿನಿಂದ ಎಲ್ಲ ತೊಂದರೆಯೂ ಹೀಗೇ ಕಾಣುತ್ತದೆ. ಒಳಗೆ ಮಾತ್ರ ಎರಡು ಬೇರೆ ಬೇರೆ ವಿಷಯ ಇವೆ. ಒಂದು, ಪ್ರೋಗ್ರಾಂಗೂ ಹೊಸ ಓಎಸ್‌ಗೂ ಹೊಂದಿಕೆ ಆಗುತ್ತಿಲ್ಲ. ಇನ್ನೊಂದು, ಪ್ರೋಗ್ರಾಂ ಚೆನ್ನಾಗೇ ಇದೆ, ಓಎಸ್ ಅದನ್ನು ತಡೆದು ನಿಮ್ಮನ್ನು ಕೇಳುತ್ತಿದೆ. ಯಾವುದು ಅಂತ ಗೊತ್ತಾಗುವುದು ಪರದೆ ಮೇಲಿನ ಮೆಸೇಜನ್ನು ಪೂರ್ತಿ ಓದಿದಾಗ. ಬಹಳ ಜನ ಅದನ್ನು ಓದದೆ ಸೆಕ್ಯುರಿಟಿಯನ್ನೇ ಆಫ್ ಮಾಡಿಬಿಡುತ್ತಾರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಅದು. ತೊಂದರೆ ಒಂದು ಪ್ರೋಗ್ರಾಂನದ್ದು, ಸರಿಪಡಿಸುವುದೂ ಆ ಒಂದು ಪ್ರೋಗ್ರಾಂಗಷ್ಟೇ ಇರಲಿ.

ಮೊದಲು ವಿಂಡೋಸ್. ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯಲ್ಲಿ ಕಂಪ್ಯೂಟರ್ ಬಳಸುವವರು ಹೆಚ್ಚಾಗಿ ಅಡ್ಮಿನ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಬಳಕೆದಾರ ಆಗಿಯೇ ಲಾಗಿನ್ ಆಗುತ್ತಿದ್ದರು. ಹಾಗಾಗಿ ಆಗಿನ ಅದೆಷ್ಟೋ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ ಫೈಲನ್ನು ಸೀದಾ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್‌ನಲ್ಲೇ ಬರೆಯುತ್ತಿದ್ದವು. 2007ರಲ್ಲಿ ಅದರ ನಂತರದ ಆವೃತ್ತಿ ವಿಸ್ಟಾ ಜೊತೆ ಯೂಸರ್ ಅಕೌಂಟ್ ಕಂಟ್ರೋಲ್, ಅಂದರೆ ಯುಎಸಿ ಬಂತು. ಅಲ್ಲಿಂದ ಮುಂದೆ ನೀವು ಅಡ್ಮಿನ್ ಆಗಿದ್ದರೂ ಪ್ರೋಗ್ರಾಂ ಓಡುವುದು ಸಾಮಾನ್ಯ ಬಳಕೆದಾರನ ಅಧಿಕಾರದಲ್ಲಿ. ಅದಕ್ಕಿಂತ ಜಾಸ್ತಿ ಬೇಕಾದಾಗ ಪರದೆ ಮಬ್ಬಾಗಿ ಅನುಮತಿ ಕೇಳುವ ಬಾಕ್ಸ್ ಬರುತ್ತದೆ. ಆ ಮಬ್ಬು ಅಲಂಕಾರಕ್ಕಲ್ಲ. ಬೇರೆ ಯಾವುದೋ ಪ್ರೋಗ್ರಾಂ ನಿಮ್ಮ ಬದಲು ‘ಎಸ್’ ಒತ್ತಬಾರದು ಅಂತ ಆ ಬಾಕ್ಸನ್ನು ಪ್ರತ್ಯೇಕ ಡೆಸ್ಕ್‌ಟಾಪ್‌ನಲ್ಲಿ ತೋರಿಸುತ್ತಾರೆ.

ಹಾಗಾದರೆ ಪ್ರೋಗ್ರಾಂ ಫೈಲ್ಸ್‌ಗೆ ಬರೆಯುವ ಹಳೆಯ ಪ್ರೋಗ್ರಾಂಗಳ ಕಥೆ ಏನು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ತಲೆಕೆಡಿಸುವ ಎಷ್ಟೋ ತೊಂದರೆಗಳ ಬೇರು ಇಲ್ಲೇ ಇದೆ. ಯುಎಸಿ ಬಗ್ಗೆ ಗೊತ್ತಿಲ್ಲದ ಹಳೆಯ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ. ಆ ಫೈಲನ್ನು ಸದ್ದಿಲ್ಲದೆ ನಿಮ್ಮ ಯೂಸರ್ ಫೋಲ್ಡರ್ ಒಳಗಿನ ಆಪ್‌ಡೇಟಾ, ಅದರೊಳಗಿನ ಲೋಕಲ್, ಅದರೊಳಗಿನ ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಪ್ರೋಗ್ರಾಂ ಮತ್ತೆ ಓದುವಾಗಲೂ ಅಲ್ಲಿಂದಲೇ ಕೊಡುತ್ತದೆ. ಈಗ ಅದೇ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಆಗ ಈ ತಿರುವು ಇರುವುದಿಲ್ಲ, ಅದು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಅಸಲಿ ಫೈಲನ್ನೇ ಓದುತ್ತದೆ. ನೀವು ಮಾಡಿಟ್ಟ ಸೆಟ್ಟಿಂಗ್ ಒಂದು ಸಲ ಇರುತ್ತದೆ, ಇನ್ನೊಂದು ಸಲ ಮಾಯ! ಡೇಟಾ ಹೋಯಿತು ಅಂತ ಗಾಬರಿಯಾಗಬೇಡಿ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್, ಹಾಗಾಗಿ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿ ವರ್ಚುವಲ್‌ಸ್ಟೋರ್ ಒಳಗೆ ಹುಡುಕಿ.

ಇದಕ್ಕೆ ಸರಿಯಾದ ದಾರಿ ಪ್ರೋಗ್ರಾಂನ ಹೊಸ ಆವೃತ್ತಿ ಹಾಕಿಕೊಳ್ಳುವುದು. ಹೊಸದು ಇಲ್ಲದಿದ್ದರೆ ಅದರ ಡೇಟಾ ಫೋಲ್ಡರನ್ನು ಡಾಕ್ಯುಮೆಂಟ್ಸ್‌ನಂಥ ನಿಮ್ಮದೇ ಜಾಗಕ್ಕೆ ಬದಲಿಸಿ. ಯಾವಾಗಲೂ ಅಡ್ಮಿನ್ ಆಗಿ ಓಡಲಿ ಅಂತ ಟಿಕ್ ಹಾಕಿಡುವ ಸಲಹೆ ತುಂಬ ಕಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಒಂದು ಸೆಟ್ಟಿಂಗ್ ಫೈಲ್ ಬರೆಯುವುದಕ್ಕೆ ಇಡೀ ಯಂತ್ರದ ಅಧಿಕಾರ ಯಾಕೆ ಬೇಕು, ಅಲ್ವಾ?

ಇನ್ನು ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಅನ್ನುವ ನೀಲಿ ಬಾಕ್ಸ್. ಇದು ಯುಎಸಿ ಅಲ್ಲ, ಸ್ಮಾರ್ಟ್‌ಸ್ಕ್ರೀನ್, ಅಂದರೆ ಇಳಿಸಿದ ಫೈಲ್‌ಗಳನ್ನು ತಪಾಸಣೆ ಮಾಡುವ ವಿಂಡೋಸ್‌ನ ಕಾವಲು. ಬ್ರೌಸರ್‌ನಿಂದ ಇಳಿಸಿದ ಫೈಲ್‌ಗೆ ‘ಝೋನ್ ಐಡೆಂಟಿಫೈಯರ್’ ಅನ್ನುವ ಕಾಣದ ಗುರುತು ಅಂಟಿಕೊಂಡಿರುತ್ತದೆ. ಅದರಲ್ಲಿ 3 ಅಂತ ಇದ್ದರೆ ಫೈಲ್ ಇಂಟರ್ನೆಟ್‌ನಿಂದ ಬಂದದ್ದು. ಅಂಥ ಫೈಲ್ ಹೆಚ್ಚು ಜನ ಬಳಸದ್ದಾದರೆ ಈ ಬಾಕ್ಸ್ ಬರುತ್ತದೆ. ಅಂದರೆ ‘ಇದರ ಪರಿಚಯ ನನಗಿಲ್ಲ’ ಅನ್ನುತ್ತಿದೆ, ವೈರಸ್ ಅಂತ ತೀರ್ಪು ಕೊಟ್ಟಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುವ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಟ್ಯಾಬ್ ತೆರೆದು ಯಾರ ಸಹಿ ಇದೆ ನೋಡಿ. ತಯಾರಕರ ಸ್ವಂತ ಸೈಟ್‌ನಿಂದಲೇ ಇಳಿಸಿದ್ದೀರಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಅದೇ ಪ್ರಾಪರ್ಟೀಸ್‌ನ ‘ಜನರಲ್’ ಟ್ಯಾಬ್‌ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಿದರೆ ಆ ಗುರುತು ಹೋಗುತ್ತದೆ. ಜಿಪ್ ಫೈಲ್ ಆದರೆ ಬಿಚ್ಚುವ ಮೊದಲೇ ಅನ್‌ಬ್ಲಾಕ್ ಮಾಡಿ, ಇಲ್ಲದಿದ್ದರೆ ಎಕ್ಸ್‌ಪ್ಲೋರರ್ ಆ ಗುರುತನ್ನು ಒಳಗಿನ ಫೈಲ್‌ಗಳಿಗೂ ಅಂಟಿಸುತ್ತದೆ.

ಈಗ ನಿಜವಾದ ಹೊಂದಾಣಿಕೆ ತೊಂದರೆ. ಪ್ರಾಪರ್ಟೀಸ್‌ನಲ್ಲೇ ಇರುವ ‘ಕಂಪ್ಯಾಟಿಬಿಲಿಟಿ’ ಟ್ಯಾಬ್ ಮಾಡುವ ಮುಖ್ಯ ಕೆಲಸ ಒಂದು ಸುಳ್ಳು ಹೇಳುವುದು. ವಿಂಡೋಸ್ 7ರ ಒಳಗಿನ ಆವೃತ್ತಿ ಸಂಖ್ಯೆ 6.1. ವಿಂಡೋಸ್ 10ರದ್ದು 10.0, ವಿಂಡೋಸ್ 11ರದ್ದೂ 10.0ವೇ. 6 ಇದ್ದರೆ ಮಾತ್ರ ಓಡುತ್ತೇನೆ ಅನ್ನುವ ಪ್ರೋಗ್ರಾಂಗೆ ಈ ಮೋಡ್ 6.1 ಅಂತ ಹೇಳುತ್ತದೆ, ಅದು ನಂಬಿ ಓಡುತ್ತದೆ. ಆದರೆ ಈ ಸುಳ್ಳಿಗೆ ಒಂದು ಮಿತಿ ಇದೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಯಾವ ಮೋಡ್ ಹಾಕಿದರೂ ಓಡುವುದಿಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೂ ಈ ಮೋಡ್ ತಾಗುವುದಿಲ್ಲ. ಹೊಂದದ ಡ್ರೈವರ್ ಇದ್ದರೆ ‘ಮೆಮೊರಿ ಇಂಟೆಗ್ರಿಟಿ’ ಅನ್ನುವ ರಕ್ಷಣೆ ಆನ್ ಆಗುವುದಿಲ್ಲ. ಹಾಗಾದರೆ ವಿಂಡೋಸ್ ಸೆಕ್ಯುರಿಟಿಯ ‘ಕೋರ್ ಐಸೊಲೇಶನ್’ ಪುಟ ನೋಡಿ. ಅಡ್ಡ ಬಂದ ಡ್ರೈವರ್‌ನ ಹೆಸರು ಅಲ್ಲೇ ಸಿಗುತ್ತದೆ. ಅದನ್ನು ಅಪ್‌ಡೇಟ್ ಮಾಡಿ, ಬೇಡದ ಸಾಧನದ್ದಾದರೆ ತೆಗೆದುಹಾಕಿ.

ಮ್ಯಾಕ್‌ನಲ್ಲೂ ತರ್ಕ ಇದೇ. 2019ರ ಮ್ಯಾಕ್ ಓಎಸ್ ಆವೃತ್ತಿ ಕ್ಯಾಟಲಿನಾದಿಂದ 32 ಬಿಟ್ ಆ್ಯಪ್‌ಗಳು ಓಡುವುದೇ ಇಲ್ಲ, ಹೊಸ ಆವೃತ್ತಿ ಹುಡುಕಲೇಬೇಕು. ‘ಡೆವಲಪರ್ ಯಾರೆಂದು ಖಚಿತವಿಲ್ಲ’ ಅನ್ನುವ ತಡೆ ಮಾತ್ರ ಗೇಟ್‌ಕೀಪರ್ ಅನ್ನುವ ಮ್ಯಾಕ್‌ನ ಕಾವಲಿನದ್ದು. ಮೊದಲು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ತೆರೆಯಬಹುದಿತ್ತು. 2024ರ ಆವೃತ್ತಿ ಸಿಕೋಯಾದಲ್ಲಿ ಆ ದಾರಿ ಮುಚ್ಚಿದರು. ಈಗ ಆ್ಯಪನ್ನು ಒಮ್ಮೆ ತೆರೆಯಲು ನೋಡಿ, ನಂತರ ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಕೆಳಗೆ ಹೋಗಿ ‘ಓಪನ್ ಎನಿವೇ’ ಒತ್ತಿ. ಆ ಬಟನ್ ಸುಮಾರು ಒಂದು ಗಂಟೆ ಅಷ್ಟೇ ಅಲ್ಲಿರುತ್ತದೆ. ಕಾಣದಿದ್ದರೆ ಆ್ಯಪನ್ನು ಮತ್ತೊಮ್ಮೆ ತೆರೆದು ಬನ್ನಿ.

ಏನು ಮಾಡಿದರೂ ಆಗದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ರಿಕವರಿ’ಯೊಳಗಿನ ‘ಗೋ ಬ್ಯಾಕ್’ ಇದೆ, ಅದು ಹಳೆಯ ಆವೃತ್ತಿಗೆ ಮರಳಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಸಿಗುವುದು 10 ದಿನ. ಆ ಅವಧಿ ಮುಗಿಯುವ ತನಕ ಜಾಗ ಉಳಿಸುವ ಆಸೆಗೆ ಹಳೆಯ ವಿಂಡೋಸ್ ಇರುವ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ಅಳಿಸಬೇಡಿ. ದಿನಾ ಬೇಕಾಗುವ ಪ್ರೋಗ್ರಾಂ, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಮೊದಲ ವಾರದೊಳಗೇ ಒಂದೊಂದಾಗಿ ತೆರೆದು, ಒಂದು ಪುಟ ಪ್ರಿಂಟ್ ಕೊಟ್ಟು, ಒಂದು ಫೈಲ್ ಸೇವ್ ಮಾಡಿ ನೋಡಿಬಿಡಿ.