ತುಂಬಿರುವುದು ಡಿಸ್ಕ್ ಅಲ್ಲ

ವಿರಾಜಪೇಟೆಯ ಮನೆಯಿಂದಲೇ ದೂರದ ಸರ್ವರ್‌ಗಳ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ದೋಷಗಳನ್ನು ಪತ್ತೆಹಚ್ಚಿಕೊಡುವುದು ನನ್ನ ವೃತ್ತಿ. ಗೊತ್ತುಮಾಡಿದ ಮೆಮೊರಿ ವಿಳಾಸವನ್ನು ಮುಟ್ಟಿದಾಗ ಪ್ರೊಸೆಸರೇ ತಡೆದು ತಿಳಿಸುವ ಕಾವಲನ್ನು, ಅಂದರೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟನ್ನು, ಕೇಳಿದಾಗ ಲಿನಕ್ಸ್ 'ಡಿವೈಸ್‌ನಲ್ಲಿ ಜಾಗವಿಲ್ಲ' ಎಂದರೆ ಕಿರಿಯ ಎಂಜಿನಿಯರುಗಳು ಡಿಸ್ಕ್ ಖಾಲಿ ಮಾಡಲು ಹೊರಡುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿದೆ. ತುಂಬಿರುವುದು ಡಿಸ್ಕ್ ಅಲ್ಲ, 80386ರ ಕಾಲದಿಂದಲೂ ಎಕ್ಸ್86 ಪ್ರೊಸೆಸರುಗಳಲ್ಲಿ ವಿಳಾಸ ಹಿಡಿದಿಡಲು ಇರುವ ನಾಲ್ಕೇ ನಾಲ್ಕು ಡಿಬಗ್ ರಿಜಿಸ್ಟರುಗಳು, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಸ್ಥಾನಗಳು.

"ನಾಲ್ಕಿವೆಯಲ್ಲ ಸರ್, ನಾನು ಕೇಳಿದ್ದು ಎರಡೇ" ಎಂಬುದು ಮುಂದಿನ ವಾದ. ಈ ನಾಲ್ಕು ಇಡೀ ಯಂತ್ರಕ್ಕಲ್ಲ, ಪ್ರತಿಯೊಂದು ಸಿಪಿಯುಗೆ. ಥ್ರೆಡ್‌ಗೆ (ಪ್ರೋಗ್ರಾಂನ ಒಂದು ಕೆಲಸದ ಎಳೆಗೆ) ಕಟ್ಟಿದ ಬ್ರೇಕ್‌ಪಾಯಿಂಟ್ ಆ ಥ್ರೆಡ್ ಓಡುವಾಗ ಮಾತ್ರ ರಿಜಿಸ್ಟರಿಗೆ ಬರುತ್ತದೆಯಾದರೂ, ಥ್ರೆಡ್‌ಗಳನ್ನು ಸಿಪಿಯುಗಳಿಗೆ ಹಂಚುವ ಶೆಡ್ಯೂಲರ್ ಅದನ್ನು ಯಾವ ಸಿಪಿಯುಗೆ ಒಯ್ಯುತ್ತದೆಂದು ಮೊದಲೇ ಹೇಳಲಾಗದ ಕಾರಣ, ಎಲ್ಲ ಸಿಪಿಯುಗಳಲ್ಲೂ ಅದಕ್ಕೆ ಜಾಗವಿದ್ದರೆ ಮಾತ್ರ ಕರ್ನೆಲ್ ಒಪ್ಪುತ್ತದೆ. ಕರಿಮೆಣಸು ಕೊಯ್ಯುವವನು ನಾಳೆ ಯಾವ ತೋಟಕ್ಕೆ ಬರುವನೋ ತಿಳಿಯದಿದ್ದರೆ ಪ್ರತಿ ತೋಟದಲ್ಲೂ ಒಂದು ಏಣಿ ಬಿಡುವಾಗಿರಬೇಕಲ್ಲವೇ? ಒಂದೇ ಒಂದು ಸಿಪಿಯುವಿನಲ್ಲಿ ಮೂರು ಸ್ಥಾನಗಳು ಆ ಸಿಪಿಯುಗೇ ಮೀಸಲಾಗಿದ್ದರೂ ಸಾಕು, ಉಳಿದೆಲ್ಲ ಸಿಪಿಯುಗಳು ಖಾಲಿಯಿದ್ದರೂ ನಿಮ್ಮ ಥ್ರೆಡ್‌ನ ಎರಡನೆಯ ಕೋರಿಕೆ ತಿರಸ್ಕೃತವಾಗುತ್ತದೆ. ಬೇರೆ ಬೇರೆ ಥ್ರೆಡ್‌ಗಳ ಕೋರಿಕೆಗಳನ್ನು ಮಾತ್ರ ಕೂಡಿಸುವುದಿಲ್ಲ: ಒಂದು ಸಿಪಿಯುವಿನಲ್ಲಿ ಒಂದು ಕ್ಷಣಕ್ಕೆ ಒಂದೇ ಥ್ರೆಡ್ ಓಡುವುದರಿಂದ ಅವುಗಳಲ್ಲಿ ದೊಡ್ಡದನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಪೊನ್ನಂಪೇಟೆಯ ಒಬ್ಬ ಹುಡುಗ, ಬಹಳ ಚುರುಕು, ನಾಲ್ಕನ್ನೂ ಫಂಕ್ಷನ್‌ಗಳ ಮೇಲೆ ಕೂರಿಸಿ, ನಿಜವಾಗಿ ಕೆಡುತ್ತಿದ್ದ ಪಾಯಿಂಟರನ್ನು (ಮೆಮೊರಿ ವಿಳಾಸವೊಂದನ್ನು ಹಿಡಿದ ಎಂಟು ಬೈಟುಗಳನ್ನು) ಕಾಯಲು ಏನೂ ಉಳಿಸಿಕೊಂಡಿರಲಿಲ್ಲ. ಫಂಕ್ಷನ್‌ಗೆ ಸಾಮಾನ್ಯವಾಗಿ ಕೋಡಿನಲ್ಲೇ ಕೂರಿಸಿ ಓಟವನ್ನು ತಡೆಯುವ ಐಎನ್‌ಟಿ3 ಎಂಬ ಒಂದು ಬೈಟಿನ ಸೂಚನೆ ಸಾಕು. ಕರ್ನೆಲ್ಲಿನ ಕೆಲವು ಪ್ರವೇಶ ಭಾಗಗಳಲ್ಲಿ ಅದನ್ನು ಇಡಲಾಗದು ಎಂಬುದನ್ನೂ ಹೇಳಬೇಕು. ಮೆಮೊರಿಗೆ ಯಾರು ಬರೆದರೆಂಬುದನ್ನು ವೇಗ ಕೆಡಿಸದೆ ಹಿಡಿಯಲು ಮಾತ್ರ ಹಾರ್ಡ್‌ವೇರೇ ಬೇಕು. ನಾಲ್ಕನ್ನೂ ತೆಗೆಸಿ, ಆ ಎಂಟು ಬೈಟುಗಳ ಮೇಲೆ ಎಲ್ಲ ಸಿಪಿಯುಗಳಲ್ಲೂ ಒಂದೊಂದು ಕಾವಲು ಹಾಕಿಸಿದೆ, ಏಕೆಂದರೆ ಬರೆಯುತ್ತಿದ್ದುದು ಯಾವ ಥ್ರೆಡ್‌ಗೂ ಸೇರದ ಟೈಮರ್ ಇರಬಹುದೆಂಬ ಅನುಮಾನ ನನಗಿತ್ತು. ಕಾವಲು ಹಿಡಿಯಿತು. ಆದರೆ ಡೇಟಾ ಬ್ರೇಕ್‌ಪಾಯಿಂಟ್ ಬರಹ ಮುಗಿದ ಮೇಲೆ ನಿಲ್ಲಿಸುವುದರಿಂದ ಓಡಬೇಕಾದ ಸೂಚನೆಯ ವಿಳಾಸ ಹಿಡಿಯುವ ಆರ್‌ಐಪಿ ರಿಜಿಸ್ಟರ್ ಮುಂದಿನ ಸೂಚನೆಯನ್ನು ತೋರಿಸುತ್ತಿತ್ತು, ಹುಡುಗ ನಿರಪರಾಧಿ ಸಾಲನ್ನು ತಿದ್ದಲು ಹೊರಟಿದ್ದ. ಅದರ ಹಿಂದಿನ ಸೂಚನೆಯನ್ನು ಓದಿದಾಗ, ಬಿಡುಗಡೆಯಾಗಿದ್ದ ಮೆಮೊರಿಗೆ ಬರೆಯುತ್ತಿದ್ದ ಟೈಮರ್ ಕಾಲ್‌ಬ್ಯಾಕ್ (ಟೈಮರಿನ ಅವಧಿ ಮುಗಿದಾಗ ಓಡುವ ಫಂಕ್ಷನ್) ಸಿಕ್ಕಿತು.