ಲಾಭ ಪುಸ್ತಕದಲ್ಲಿ, ಹಣ ಅಂಗಡಿಯವರ ಬಳಿ: ದುಡಿಯುವ ಬಂಡವಾಳದ ಟಿಪ್ಪಣಿ

ಉದ್ಯಮಶೀಲತೆಯ ಪರೀಕ್ಷೆಗೆ ಓದುತ್ತಿರುವವರಿಗೂ, ಸಣ್ಣ ಘಟಕವೊಂದನ್ನು ಹಾಕಲೆಂದು ಯೋಜನಾ ವರದಿ ಬರೆಯುತ್ತಿರುವವರಿಗೂ ಈ ಟಿಪ್ಪಣಿ. ಉದ್ಯಮಿಯ ಗುಣಲಕ್ಷಣ, ಮಾಲೀಕತ್ವದ ಬಗೆಗಳು, ಮಾರುಕಟ್ಟೆ ಸಮೀಕ್ಷೆ ಇವೆಲ್ಲ ಒಮ್ಮೆ ಓದಿದರೆ ತಲೆಗೆ ಹೋಗುತ್ತವೆ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಆಧಾರ್ ಸಂಖ್ಯೆಯ ಮೂಲಕ ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ ಅಥವಾ ಪರವಾನಗಿಯೂ ಬೇಕು. ಇವುಗಳನ್ನು ದಾಟಿ ಬಂದವರನ್ನೂ ನಿಲ್ಲಿಸಿಬಿಡುವ ಪ್ರಶ್ನೆ ಒಂದಿದೆ: ತಿಂಗಳು ತಿಂಗಳೂ ಲಾಭ ಬರುತ್ತಿರುವ ಘಟಕ ಹಣವಿಲ್ಲದೆ ನಿಂತುಹೋಗುವುದು ಹೇಗೆ?

ಉದಾಹರಣೆಗೆ ಶೇಂಗಾ ಚಟ್ನಿಪುಡಿಯ ಘಟಕವನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. 200 ಗ್ರಾಂ ಪ್ಯಾಕೆಟ್ ಅಂಗಡಿಗೆ ಕೊಡುವ ದರ 60 ರೂಪಾಯಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಪ್ಯಾಕೆಟ್, ಲೇಬಲ್, ಸಾಗಣೆ ಸೇರಿ ಒಂದು ಪ್ಯಾಕೆಟ್ಟಿಗೆ 42 ರೂಪಾಯಿ ಖರ್ಚು. ಉಳಿಯುವುದು 18. ಮಾಡಲಿ, ಬಿಡಲಿ, ತಿಂಗಳಿಗೆ ಕಟ್ಟಲೇಬೇಕಾದ ಬಾಡಿಗೆ, ಸಹಾಯಕಿಯ ಸಂಬಳ, ಬಡ್ಡಿ ಇತ್ಯಾದಿ 27,000. 27,000ವನ್ನು 18ರಿಂದ ಭಾಗಿಸಿದರೆ 1,500. ತಿಂಗಳಿಗೆ ಅಷ್ಟು ಪ್ಯಾಕೆಟ್ ಹೋದರೆ ನಷ್ಟವಿಲ್ಲ, ಲಾಭವೂ ಇಲ್ಲ. ಬ್ರೇಕ್ ಈವನ್ ಎಂದರೆ ಇಷ್ಟೇ. 2,000 ಮಾರಿದರೆ ಮೇಲಿನ 500ಕ್ಕೆ ತಲಾ 18ರಂತೆ 9,000 ರೂಪಾಯಿ ಲಾಭ.

ಪುಸ್ತಕಗಳು ಸಾಮಾನ್ಯವಾಗಿ ಈ ಅಧ್ಯಾಯವನ್ನು ಇಲ್ಲಿಗೆ ಮುಗಿಸಿ, ದುಡಿಯುವ ಬಂಡವಾಳವನ್ನು, ಅಂದರೆ ಮಾರಿದ ಹಣ ಕೈಗೆ ಬರುವವರೆಗೆ ಘಟಕ ನಡೆಸಲು ಬೇಕಾದ ಹಣವನ್ನು, ಬೇರೊಂದು ಅಧ್ಯಾಯಕ್ಕೆ ತಳ್ಳುತ್ತವೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದಾಗಲೇ ವಿಷಯ ತಿಳಿಯಾಗುವುದು. ಬ್ರೇಕ್ ಈವನ್ ಲೆಕ್ಕದಲ್ಲಿ ದಿನಾಂಕವೇ ಇಲ್ಲ. ಮಾರಿದ ಕ್ಷಣವೇ ಹಣ ಬಂತು ಎಂದು ಅದು ಹಿಡಿದುಕೊಳ್ಳುತ್ತದೆ. ವ್ಯಾಪಾರ ನಡೆಯುವುದು ಹಾಗಲ್ಲ. ಹೊಸಬರಿಗೆ ಶೇಂಗಾ ಕೊಡುವ ವ್ಯಾಪಾರಿ ಮೊದಲು ನಗದು ಕೇಳುತ್ತಾನೆ. ಕಿರಾಣಿ ಅಂಗಡಿಯವರು ಹೊಸ ಹೆಸರಿನ ಸರಕನ್ನು ಉದ್ದರಿಗೇ ಇಟ್ಟುಕೊಳ್ಳುತ್ತಾರೆ. ಮಾರಾಟವಾಗದೆ ಕಮಟು ವಾಸನೆ ಬಂದ ಪ್ಯಾಕೆಟ್ಟುಗಳನ್ನು ವಾಪಸು ಕೊಡುತ್ತಾರೆ. ಕಚ್ಚಾ ಸರಕು 10 ದಿನ, ತಯಾರಿಕೆ ಮತ್ತು ದಾಸ್ತಾನು 5 ದಿನ, ಉದ್ದರಿ 45 ದಿನ ಎಂದುಕೊಳ್ಳಿ. ಇವತ್ತು ಹಾಕಿದ ರೂಪಾಯಿ ಕೈಗೆ ಮರಳುವುದು 60 ದಿನಗಳ ನಂತರ. ಹಣದ ಚಕ್ರ ಎಂದರೆ ಇದೇ.

ಈಗ ತಿಂಗಳುವಾರು ಬರೆಯೋಣ. ಈ ಹಂತವನ್ನು ಯಾರೂ ಹಾರಿಸಬೇಡಿ, ಪೆನ್ಸಿಲ್ ಹಿಡಿದೇ ಮಾಡಿ. 2,000 ಪ್ಯಾಕೆಟ್ಟಿಗೆ 84,000, ಸ್ಥಿರ ವೆಚ್ಚ 27,000, ಒಟ್ಟು ತಿಂಗಳಿಗೆ ಹೋಗುವ ಹಣ 1,11,000. ಮೊದಲ ತಿಂಗಳು ಬರುವುದು ಸೊನ್ನೆ. ಎರಡನೆಯ ತಿಂಗಳೂ ಸೊನ್ನೆ. ಅಲ್ಲಿಗೆ ಕೈಯಿಂದ ಹೋದದ್ದು 2,22,000. ಮೂರನೆಯ ತಿಂಗಳು ಮೊದಲ ತಿಂಗಳ ಸರಕಿನ 1,20,000 ಬರುತ್ತದೆ, ಮತ್ತೆ 1,11,000 ಹೋಗುತ್ತದೆ. ಕೊರತೆ 2,13,000ಕ್ಕೆ ಇಳಿಯುತ್ತದೆ. ಲಾಭ ಮೂರು ತಿಂಗಳೂ 9,000ವೇ. ಆ ಲಾಭಕ್ಕೂ ಕೈಯಲ್ಲಿರುವ ಹಣಕ್ಕೂ ಸಂಬಂಧವೇ ಕಾಣುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಗಂಟು ಮುಂದಿದೆ. ನಾಲ್ಕನೆಯ ತಿಂಗಳು ಬೇಡಿಕೆ ಹೆಚ್ಚಾಗಿ 4,000 ಪ್ಯಾಕೆಟ್ ಮಾಡತೊಡಗಿದಿರಿ. ಲಾಭ 9,000ದಿಂದ 45,000ಕ್ಕೆ ಏರಿತು, ಐದು ಪಟ್ಟು. ಖರ್ಚು? 1,68,000ಕ್ಕೆ 27,000 ಸೇರಿ 1,95,000. ಬರುವ ಹಣ ಮಾತ್ರ ಎರಡು ತಿಂಗಳ ಹಿಂದಿನ 2,000 ಪ್ಯಾಕೆಟ್ಟುಗಳದ್ದು, 1,20,000. ಆ ತಿಂಗಳ ಕೊರತೆ 75,000. ಐದನೆಯ ತಿಂಗಳೂ ಅಷ್ಟೇ. 2,13,000 ಇದ್ದ ಕೊರತೆಯ ಹಳ್ಳ 3,63,000ದಷ್ಟು ಆಳವಾಯಿತು. ಆರನೆಯ ತಿಂಗಳು 2,40,000 ಬಂದಾಗಲೇ ಅದು ತುಂಬತೊಡಗುವುದು. ಎಂದರೆ, ವ್ಯಾಪಾರ ಕುದುರಿದ ತಿಂಗಳುಗಳೇ ಹಣದ ಮಟ್ಟಿಗೆ ಅತ್ಯಂತ ಕಷ್ಟದ ತಿಂಗಳುಗಳು. ಹೆಚ್ಚುವರಿ 2,000 ಪ್ಯಾಕೆಟ್ಟಿಗೆ 84,000 ಇವತ್ತೇ ಹಾಕಬೇಕು, ಅದರ ಫಲ ಎರಡು ತಿಂಗಳು ತಡ. ಮದುವೆ, ಹಬ್ಬದ ಕಾಲಕ್ಕೆ ದೊಡ್ಡ ಆರ್ಡರ್ ಬಂದಾಗ ಒಪ್ಪಿಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ ಇದು.

ಮೆಣಸಿನಕಾಯಿ ಇದನ್ನು ಇನ್ನಷ್ಟು ಎಳೆಯುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಆವಕ ಹೆಚ್ಚುವುದು ಜನವರಿಯ ನಂತರದ ತಿಂಗಳುಗಳಲ್ಲಿ. ಆಗಲೇ ವರ್ಷಕ್ಕಾಗುವಷ್ಟು ಕೊಂಡು ಶೀತಲ ಗೃಹದಲ್ಲಿಟ್ಟರೆ ಬಣ್ಣವೂ ಉಳಿಯುತ್ತದೆ, ಮುಂದೆ ದರ ಏರಿದರೆ ಪಾರಾಗುತ್ತೇವೆ. ಆದರೆ ಕಚ್ಚಾ ಸರಕಿನ 10 ದಿನ ಆ ಒಂದು ಪದಾರ್ಥದ ಮಟ್ಟಿಗೆ ತಿಂಗಳುಗಟ್ಟಲೆ ಆಗುತ್ತದೆ. ದರದಲ್ಲಿ ಉಳಿಯುವ ಹಣವನ್ನೂ, ಕೊಳ್ಳಲು ಹಾಕಿದ ಹಣಕ್ಕೆ ಕಟ್ಟುವ ಬಡ್ಡಿ ಮತ್ತು ಶೀತಲ ಗೃಹದ ಬಾಡಿಗೆಯನ್ನೂ ಅಕ್ಕಪಕ್ಕ ಬರೆದೇ ತೀರ್ಮಾನಿಸಬೇಕು.

ಈ ಲೆಕ್ಕಕ್ಕೆ ನನಗೆ ಬಹಳ ಇಷ್ಟವಾದ ಹತ್ತಿರದ ದಾರಿ ಬ್ಯಾಂಕಿನವರದು. ಸಣ್ಣ ಉದ್ಯಮಗಳ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರದಂತೆ, ಸಣ್ಣ ಘಟಕದ ಅಂದಾಜು ವಾರ್ಷಿಕ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಹಿಡಿಯುತ್ತಾರೆ, ಶೇ. 20 ಬ್ಯಾಂಕಿನದು, ಶೇ. 5 ನಮ್ಮದು. ಈ 25 ಎಲ್ಲಿಂದ ಬಂತು ಎಂಬುದನ್ನು ಗಮನಿಸಿ: ವರ್ಷದ ಕಾಲು ಭಾಗ, ಅಂದರೆ ಮೂರು ತಿಂಗಳ ಚಕ್ರ. ನಮ್ಮ ಘಟಕದ ವಹಿವಾಟು 2,000 ಪ್ಯಾಕೆಟ್ಟಿನ ಲೆಕ್ಕದಲ್ಲಿ ವರ್ಷಕ್ಕೆ 14,40,000. ಅದರ ಕಾಲು ಭಾಗ 3,60,000. ನಮ್ಮ ಚಕ್ರ ಎರಡೇ ತಿಂಗಳದಾದ್ದರಿಂದ ಆರನೆಯ ಒಂದು ಭಾಗ, 2,40,000 ಸಾಕು. ಮೇಲೆ ಪೆನ್ಸಿಲ್ ಹಿಡಿದು ಕಂಡುಕೊಂಡ 2,22,000ಕ್ಕೆ ಎಷ್ಟು ಹತ್ತಿರ ನೋಡಿ! ಸ್ವಲ್ಪ ಹೆಚ್ಚು ಬಂದಿರುವುದು ಮಾರಾಟದ ದರದಲ್ಲಿ ಲಾಭವೂ ಸೇರಿರುವುದರಿಂದ. ನಿಮ್ಮ ಚಕ್ರದ ದಿನಗಳನ್ನು 365ರಿಂದ ಭಾಗಿಸಿ ವಹಿವಾಟಿನಿಂದ ಗುಣಿಸಿದರೆ ಅಂದಾಜು ಸಿಕ್ಕಿಬಿಡುತ್ತದೆ.

ಸಹಾಯಧನವನ್ನು ನಂಬಿ ಈ ಹಳ್ಳ ತುಂಬಿಸಲಾಗದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮದಲ್ಲಿ ಶೇ. 25 ಸಹಾಯಧನವಿದೆ, ವಿಶೇಷ ವರ್ಗದವರಿಗೆ ಇನ್ನೂ ಹೆಚ್ಚು. ಆದರೆ ಆ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಮೂರನೆಯ ತಿಂಗಳ ಶೇಂಗಾ ಬಿಲ್ಲಿಗೆ ಅದು ಒದಗುವುದಿಲ್ಲ. ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯನ್ನು ಪೈಸೆ ಲೆಕ್ಕದಲ್ಲಿ ಬರೆದು, ದುಡಿಯುವ ಬಂಡವಾಳದ ಜಾಗದಲ್ಲಿ ಒಂದು ದುಂಡು ಅಂಕಿ ಹಾಕುವವರು ಬಹಳ. ಬರೆಯುವ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವರದಿ ಬರೆಯುವುದನ್ನು ಕೂತು ಕಲಿಯಬೇಕೆನ್ನುವವರಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಉಚಿತ ತರಬೇತಿ ಇದೆ.

ಚಕ್ರವನ್ನು ಮೋಟುಗೊಳಿಸುವ ದಾರಿಗಳಲ್ಲಿ ಉದ್ದರಿ ಕಡಿತವೇ ದೊಡ್ಡದು. 45 ದಿನವನ್ನು 15ಕ್ಕೆ ಇಳಿಸಿದರೆ 60 ದಿನದ ಚಕ್ರ 30 ಆಗಿ, ಬೇಕಾದ ಹಣ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಾಗಿ ಪ್ಯಾಕೆಟ್ಟಿಗೆ ಒಂದು ರೂಪಾಯಿ ರಿಯಾಯಿತಿ ಕೊಟ್ಟರೂ ತಿಂಗಳಿಗೆ ಹೋಗುವುದು 2,000. ಆದರೆ ಉಳಿಕೆ 18ರಿಂದ 17ಕ್ಕೆ ಇಳಿದು, ಬ್ರೇಕ್ ಈವನ್ 1,589ಕ್ಕೆ ಏರುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಕಾನೂನಿನ ಬಲವೂ ಇದೆ: ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ ಸಣ್ಣ ಘಟಕದ ಸರಕಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬೀದಿಯ ಕಿರಾಣಿ ಅಂಗಡಿಯವರ ಮುಂದೆ ಈ ಕಾಯ್ದೆ ಹಿಡಿದು ನಿಂತರೆ ಮರುದಿನದಿಂದ ಆರ್ಡರ್ ಬರುವುದಿಲ್ಲ. ಅಲ್ಲಿ ಹಳೆಯ ಬಾಕಿ ತೀರಿಸಿದ ಮೇಲೆಯೇ ಹೊಸ ಸರಕು ಎಂಬ ಪದ್ಧತಿಯೇ ಸರಿ. ದೊಡ್ಡ ಖರೀದಿದಾರರ ವಿಷಯದಲ್ಲಿ ಮಾತ್ರ ಮೊದಲ ಇನ್‌ವಾಯ್ಸ್‌ನಿಂದಲೇ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಗಡುವನ್ನೂ ಅಚ್ಚು ಹಾಕಿಸಿ.