ಸುಳಿ ಹೋದರೆ ಮರ ಹೋಯಿತು: ಚಿಲಿಯ ಲಾ ಕಂಪಾನಾ ತಾಳೆಕಾಡು

ದಕ್ಷಿಣ ಅಮೆರಿಕದ ತಾಳೆ ಅಂದ ಕೂಡಲೇ ನಾವು ಪರೀಕ್ಷೆಯಲ್ಲಿ ಅಮೆಜಾನ್ ಎಂದು ಬರೆದುಬಿಡುತ್ತೇವೆ. ಲಾ ಕಂಪಾನಾದ ತಾಳೆ ಅಲ್ಲಿನದಲ್ಲ. ಮಧ್ಯ ಚಿಲಿಯ ಕರಾವಳಿ ಬೆಟ್ಟಸಾಲಿನದು. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣ ಬಿಸಿಲು. ಲಾ ಕಂಪಾನಾ ರಾಷ್ಟ್ರೀಯ ಉದ್ಯಾನವಾದದ್ದು 1967ರಲ್ಲಿ, ವಿಸ್ತೀರ್ಣ ಸುಮಾರು 8,000 ಹೆಕ್ಟೇರ್. ತಾಳೆ ದಟ್ಟವಾಗಿರುವುದು ಉದ್ಯಾನದ ಒಕೋವಾ ಭಾಗದಲ್ಲಿ. ಇಷ್ಟು ನೆನಪಿಟ್ಟರೆ ಸಾಕು, ಮುಖ್ಯ ವಿಷಯ ಮರದ್ದು.

ಹೆಸರು ಜೂಬಿಯಾ ಚಿಲೆನ್ಸಿಸ್. ಆ ಕುಲದಲ್ಲಿ ಈಗ ಬದುಕಿರುವುದು ಇದೊಂದೇ ಪ್ರಭೇದ. ನಮ್ಮ ತೆಂಗಿನ ದೂರದ ನೆಂಟ: ಕಾಯಿ ದೊಡ್ಡ ಗೋಲಿಯಷ್ಟೇ, ಒಡೆದರೆ ಒಳಗೆ ಬಿಳಿ ತಿರುಳು. ಅಲ್ಲಿನವರು ಅದನ್ನು ಕೊಕಿಟೊ, ಅಂದರೆ ಪುಟ್ಟ ತೆಂಗು ಅನ್ನುತ್ತಾರೆ. 1834ರ ಆಗಸ್ಟ್‌ನಲ್ಲಿ ಲಾ ಕಂಪಾನಾ ಬೆಟ್ಟ ಹತ್ತಿದ ಡಾರ್ವಿನ್‌ಗೆ ಮರ ಕುರೂಪವಾಗಿ ಕಂಡಿತ್ತು. ಬುಡಕ್ಕಿಂತ ನಡು ದಪ್ಪ, ಅದಕ್ಕಿರಬೇಕು!

ಈಗ ಪರೀಕ್ಷೆಯಲ್ಲಿ ಎಡವುವ ಜಾಗ. ಮಲೆನಾಡಿನಲ್ಲಿ ಬಗನಿ ಮರದ ಹೂಗೊಂಚಲಿನ ತೊಟ್ಟು ಕೊಯ್ದು ಕಳ್ಳು ಇಳಿಸುತ್ತಾರೆ, ಮರ ನಿಂತೇ ಇರುತ್ತದೆ. ಚಿಲಿಯಲ್ಲಿ ಹಾಗಲ್ಲ. ಮರವನ್ನೇ ಉರುಳಿಸಿ, ಗರಿಗಳ ತಲೆ ಕಡಿದು, ಆ ತುದಿಯನ್ನು ದಿನಾ ಬೆಳಿಗ್ಗೆ ತೆಳ್ಳಗೆ ಕೆತ್ತುತ್ತಿದ್ದರು. ರಸ ತಿಂಗಳುಗಟ್ಟಲೆ ಸೋರುತ್ತಿತ್ತು. ಒಳ್ಳೆಯ ಮರಕ್ಕೆ 90 ಗ್ಯಾಲನ್, ಅಂದರೆ ಸುಮಾರು 400 ಲೀಟರ್ ಎಂದು ಡಾರ್ವಿನ್ ಬರೆದಿದ್ದಾನೆ. ತಲೆ ಏರಿನ ಕಡೆಗೇ ಬೀಳಬೇಕಂತೆ, ಇಳಿಜಾರಿಗೆ ಬಿದ್ದರೆ ರಸ ಬರುವುದೇ ಕಷ್ಟ. ಅವನಿಗೂ ಇದು ವಿಚಿತ್ರ ಅನ್ನಿಸಿತ್ತು. ಆ ರಸ ಕುದಿಸಿದರೆ ಜೋನಿ ಬೆಲ್ಲದಂಥ 'ತಾಳೆ ಜೇನು'.

ಕಡಿದ ಬುಡ ಚಿಗುರುವುದಿಲ್ಲವೇ? ಇಲ್ಲ. ತೆಂಗಿನ ಸುಳಿ ಕೊಳೆತರೆ ಮರವೇ ಹೋಗುತ್ತದಲ್ಲ, ಅದೇ ಲೆಕ್ಕ: ಒಂಟಿ ಕಾಂಡಕ್ಕೆ ಬೆಳೆಯುವ ತುದಿ ಒಂದೇ. ಹಲಸು, ಮಾವಿಗಿರುವ, ಕಾಂಡವನ್ನು ವರ್ಷವರ್ಷ ದಪ್ಪಗೊಳಿಸುವ ಕ್ಯಾಂಬಿಯಂ ಪದರ ತಾಳೆಗಿಲ್ಲ. ಹಾಗಾಗಿ ವರ್ಷದ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವಂತೆಯೂ ಇಲ್ಲ.

ಕೊಡಲಿ ನಿಂತ ಮಾತ್ರಕ್ಕೆ ಕಾಡು ಉಳಿಯದು. ಕಾಯಿ ಬಿಡಲು ಈ ಮರಕ್ಕೆ ದಶಕಗಳೇ ಬೇಕು. ಉದುರಿದ ಕಾಯಿ ಮಾರಾಟಕ್ಕೆ ಆರಿಸಿದವರ ಪಾಲು, ಉಳಿದದ್ದು ಡೆಗು ಎಂಬ ದಂಶಕದ ಪಾಲು, ಮೊಳೆತದ್ದು ದನದ ಬಾಯಿಗೆ. ಬದುಕುವ ಸಸಿ ಹೆಚ್ಚಾಗಿ ಸಿಗುವುದು ಪೊದೆಗಳ ನೆರಳಿನಲ್ಲಿ, ಬೇಸಿಗೆಯ ಬಿಸಿಲು ನೇರವಾಗಿ ತಾಗದ ಕಡೆ. ತಾಳೆಯ ಸುತ್ತಲಿನ ಕುರುಚಲನ್ನು ಸವರಿ ಚೊಕ್ಕ ಮಾಡಿದರೂ ಮುಂದಿನ ತಲೆಮಾರಿನ ಮರ ಹೋದಂತೆಯೇ.